ಅವ್ವನ ಕಾಲಿನ ಅಳತೆಯ ಕಾರು

ರಸ್ತೆ ತೆರಿಗೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಅಪ್ಪ ತಲೆಯ ಮೇಲಿನ ಬಿಳಿ ಟೋಪಿ ತೆಗೆದು, ಮೊಣಕಾಲಿಗೆ ಒಮ್ಮೆ ಬಡಿದು, ಮತ್ತೆ ಹಾಕಿಕೊಳ್ಳುತ್ತಿದ್ದ. "ಮೊದಲ ರಸ್ತಾ ತೋರಸ್ರಿ, ಆಮ್ಯಾಲ ತೆರಗಿ ಕೇಳ್ರಿ" ಎನ್ನುವುದು ಅವನ ವಾದ. ಅವನ ಮಾತೂ ಸುಳ್ಳಲ್ಲ. ಮುಗಳಖೋಡದ ಆಚೆ ನಮ್ಮ ತೋಟದ ಮನೆ. ಡಾಂಬರು ರಸ್ತೆಯಿಂದ ಮನೆಯವರೆಗೆ ಬರೀ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮನೆಗೆ ಬರುತ್ತಿತ್ತು.

ಅಂಥ ಅಪ್ಪನ ಮುಂದೆ ನಿಂತು "ನಮಗೊಂದು ಕಾರು ಬೇಕು" ಎಂದು ಹೇಳಿದವಳು ನಾನು. ಚಿಕ್ಕೋಡಿಯಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ, ಟ್ರ್ಯಾಕ್ಟರ್ ಓಡಿಸುತ್ತಿದ್ದೆ, ಲೈಸೆನ್ಸೂ ತೆಗೆಸಿದ್ದೆ. ಹುಡುಗಿ ಟ್ರ್ಯಾಕ್ಟರ್ ಹೊಡೆಯುತ್ತಾಳೆಂದು ಬೇಲಿಯಾಚೆ ನಿಂತು ನಗುವವರಿದ್ದರು. ನಕ್ಕವರ ಹೊಲಕ್ಕೆ ನಾನು ರಂಟೆ ಹೊಡೆಯಲು ಹೋಗುತ್ತಿರಲಿಲ್ಲ, ಅಷ್ಟೇ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಅದೂ ಅಪ್ಪನದೇ ಬಳುವಳಿ.

ಕಾರು ಬೇಕಾದದ್ದು ಮೆರೆಯಲಿಕ್ಕಲ್ಲ, ಅವ್ವನಿಗೆ. ಒಂದು ಮಳೆಗಾಲ ಅವ್ವ ಹಿತ್ತಲ ಕಟ್ಟೆಯಿಂದ ಜಾರಿ ಬಿದ್ದಳು. ಮಿರಜಿನ ಆಸ್ಪತ್ರೆಯಲ್ಲಿ ಮೂಳೆ ಕೂಡಿತು, ಆದರೆ ಬಲಗಾಲು ಮತ್ತೆ ಮಡಚಲಿಲ್ಲ. ಕೋಲು ಹಿಡಿದು ನಡೆಯುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ನಮ್ಮನ್ನು ಬೈಯುತ್ತಲೂ ಇದ್ದಳು. ಬಸ್ಸು ಹತ್ತುವುದು ಮಾತ್ರ ಆಗುತ್ತಿರಲಿಲ್ಲ. ಒಮ್ಮೆ ಬಾಡಿಗೆ ಜೀಪಿನಲ್ಲಿ ಹೊರಟಾಗ ಪಕ್ಕದವರ ಗಂಟುಗಳ ನಡುವೆ ಕಾಲು ಸಿಕ್ಕು, ಹಾರೂಗೇರಿ ಮುಟ್ಟುವ ಮೊದಲೇ ಅಳುತ್ತ ಇಳಿದುಬಿಟ್ಟಳು. ಅವ್ವ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಅವಳ ತವರು ಸತ್ತಿ, ಕೃಷ್ಣೆಯ ದಂಡೆಯ ಊರು. ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಅಣ್ಣನಾದವನು ಬಂದು ತಂಗಿಯನ್ನು ಕರೆದೊಯ್ಯಬೇಕು. ಅಲ್ಲಿ ಉಂಡೆ ತಿನ್ನಬೇಕು, ಜೋಕಾಲಿ ಆಡಬೇಕು. ಸತ್ತಿಯ ಮಾಮಾ ಒಂದು ವರ್ಷವೂ ತಪ್ಪಿಸದೆ ಬರುತ್ತಿದ್ದ. ಅವ್ವ ಪ್ರತಿ ಸಲವೂ ಅವನಿಗೆ ಉಣ್ಣಲಿಕ್ಕೆ ಹಾಕಿ, ಮನೆಯ ಹೆಣ್ಣುಮಕ್ಕಳಿಗೆಂದು ಕೊಬ್ಬರಿ ಕುಬಸ ಕೊಟ್ಟು, ಒಬ್ಬನನ್ನೇ ಹಿಂದಕ್ಕೆ ಕಳಿಸುತ್ತಿದ್ದಳು. ಅಲ್ಲಿ ಅವಳವ್ವ, ಅಂದರೆ ನನ್ನ ಅಜ್ಜಿ, ಇನ್ನೂ ಇದ್ದಳು. ಅಜ್ಜಿಗೆ ಹಾಸಿಗೆಯಿಂದ ಹೊಸ್ತಿಲವರೆಗೆ ಬರುವುದೇ ಒಂದು ಪ್ರಯಾಣ. ಅವಳು ಇಲ್ಲಿಗೆ ಬರಲಾರಳು, ಇವಳು ಅಲ್ಲಿಗೆ ಹೋಗಲಾರಳು. ಕಾಲು ಮುರಿದಾಗಿನಿಂದ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಆ ವರ್ಷ ಮಾಮಾ ಸಂಕ್ರಮಣಕ್ಕೇ ಬಂದು ಹೇಳಿದ: "ಅವ್ವ ಈಗೀಗ ಹೆಸರು ಮರಿಯಾಕತ್ತಾಳು. ನಿನ್ನ ಹೆಸರು ಅಷ್ಟ ಮರತಿಲ್ಲ. ಟ್ರ್ಯಾಲಿಯೊಳಗ ಗಾದಿ ಹಾಸತೀನಿ, ಮಲಗಿಸಿಕೊಂಡು ಒಯ್ತೀನಿ, ಬಾ."

ಅವ್ವ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. "ಮಲಗಿಸಿ ಒಯ್ಯೂದು ಒಂದ ಸಲ ಇರತೈತಿ. ತವರಿಗೆ ನಾ ಕುಂತ ಹೋಗಾಕಿ."

ಆ ಮಾತು ನನ್ನ ಎದೆಯಲ್ಲಿ ನಾಟಿಬಿಟ್ಟಿತು. ಈ ಪಂಚಮಿಗೆ ಅವ್ವ ಸತ್ತಿಗೆ ಹೋಗಲೇಬೇಕು, ಅದೂ ಕೂತುಕೊಂಡೇ ಹೋಗಬೇಕು ಎಂದು ನಿರ್ಧರಿಸಿದೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದಿತ್ತು. ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದಲ್ಲ, ಹಳೆಯದು ನೋಡಬಹುದಿತ್ತು. ಅಪ್ಪ ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಒಪ್ಪಿಕೊಂಡ, ಒಂದು ಷರತ್ತಿನ ಮೇಲೆ: "ಗಾಡಿ ದೊಡ್ಡದಿರಲಿ, ಹಳೇದಿರಲಿ, ನಡೀತೈತಿ. ಆದರ ತೆರಗಿ ಮಾತ್ರ ನನ್ನ ಮುಂದ ಯಾರೂ ಕೇಳಬಾರದು."

ಹುಡುಕಲು ಹೊರಟವರು ಮೂವರು: ಅಪ್ಪ, ನಾನು, ಅಪ್ಪನ ತಮ್ಮ ನಮ್ಮ ಕಾಕಾ. ಕಾಕಾನಿಗೆ ನಿಪ್ಪಾಣಿಯಿಂದ ಅಥಣಿವರೆಗೆ ಗುರುತಿಲ್ಲದ ಮನುಷ್ಯನಿಲ್ಲ, ಕುಡಿಯದ ಚಹಾದ ಅಂಗಡಿಯಿಲ್ಲ. ಹೊರಡುವ ಮೊದಲು ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿದೆವು, ಬೆನ್ನಿಗೊಂದು ದಿಂಬು ಇಟ್ಟೆವು, ಕಾಲು ಚಾಚಿಸಿದೆವು. ಕಾಕಾ ಹಿತ್ತಲಿನಿಂದ ಒಂದು ಕಬ್ಬು ಮುರಿದು ತಂದು, ಗೋಡೆಯಿಂದ ಅವಳ ಹಿಮ್ಮಡಿಯವರೆಗೆ ಸರಿಯಾಗಿ ಕೊಯ್ದ. ಹಿಂದಿನ ಸೀಟಿನ ಮೇಲೆ ಈ ಬಾಗಿಲಿನಿಂದ ಆ ಬಾಗಿಲಿಗೆ ಆ ಕಬ್ಬು ಸಲೀಸಾಗಿ ಮಲಗಬೇಕು. ಮಲಗಿದರೆ ಅವ್ವ ಅಡ್ಡ ಕೂತು, ಬಾಗಿಲಿಗೆ ಒರಗಿ, ಕಾಲು ಚಾಚಬಹುದು. ತುದಿಗೆ ನಾನೊಂದು ಕೆಂಪು ದಾರ ಕಟ್ಟಿದೆ.

ಮೊದಲ ಕಾರು ಸಿಕ್ಕಿದ್ದು ಮಿರಜಿನಲ್ಲಿ. ಎಂಥ ಕಾರು ಅಂತೀರಿ! ಕಬ್ಬು ಮಲಗಿ ಮೇಲೆ ಇನ್ನೊಂದು ಗೇಣು ಉಳಿಯಿತು. ರೇಟೂ ಕಡಿಮೆ. ಕಾಕಾ ಮರಾಠಿಯಲ್ಲಿ ಚೌಕಾಸಿ ಮಾಡಿದ, ತೆಂಗಿನಕಾಯಿ ಒಡೆದೂ ಆಯಿತು. ಮನೆ ಮುಟ್ಟಿಸಿದ ಮೇಲೆ ರೊಕ್ಕ ಕೊಟ್ಟರೆ ಸಾಕೆಂದು ಮಾಲೀಕನೇ ನಮ್ಮನ್ನು ಕೂಡಿಸಿಕೊಂಡು ಹೊರಟ. ಗಡಿಯ ಮೇಲಿನ ಕಾಗವಾಡದ ತಪಾಸಣೆ ನಾಕಾದಲ್ಲಿ ಗಾಡಿ ನಿಂತಾಗ ಅಲ್ಲಿದ್ದವರು ಸುಮ್ಮನೆ ವಿಚಾರಿಸಿದರು. ಕಾಕಾ ಹೆಮ್ಮೆಯಿಂದ ಹೇಳಿದ, ಇದನ್ನು ನಾವು ಕೊಂಡಿದ್ದೇವೆ ಎಂದು. ಹಾಗಾದರೆ ಆ ರಾಜ್ಯದ ಬಿಡುಗಡೆ ಪತ್ರ ತನ್ನಿ, ಈ ರಾಜ್ಯದ ತೆರಿಗೆಯನ್ನು ಹೊಸದಾಗಿ ತುಂಬಿ ಎಂದರು ಅವರು.

ನಮಗೆ ಮೂವರಿಗೂ ಈ ವಿಚಾರ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಹಲ್ಲು ಕೀಳಿಸಲು ಮಿರಜು, ಸೀರೆಗೆ ಇಚಲಕರಂಜಿ, ಹೆಣ್ಣು ಕೊಡಲು ಸಾಂಗಲಿ. ಅದು ಬೇರೆ ರಾಜ್ಯ ಎಂಬುದು ನಮ್ಮವರಿಗೆ ನೆನಪಾಗುವುದೇ ಇಂಥ ಹೊತ್ತಿನಲ್ಲಿ. ಅಪ್ಪ ಟೋಪಿ ತೆಗೆದ, ಮೊಣಕಾಲಿಗೆ ಬಡಿದ, ಬಾಗಿಲು ತೆಗೆದು ನಾಕಾದಲ್ಲೇ ಇಳಿದುಬಿಟ್ಟ. "ಬಸ್ಸಿಗೆ ಬರ್ರಿ" ಎಂದು ಹಿಂದೆ ನೋಡದೆ ನಡೆದ. ಮಾಲೀಕ ಒಳ್ಳೆಯವನು, ನಕ್ಕು ಗಾಡಿ ತಿರುಗಿಸಿಕೊಂಡು ಹೋದ.

ರಾಯಬಾಗದಲ್ಲಿ ನೋಡಿದ್ದು ಬಾಡಿಗೆಗೆ ಓಡಿಸಿದ ಗಾಡಿ, ಅದರ ತೆರಿಗೆಯ ಲೆಕ್ಕವೇ ಬೇರೆ. ಅಪ್ಪ ಹತ್ತಿರವೂ ಹೋಗಲಿಲ್ಲ. ಚಿಕ್ಕೋಡಿಯದರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಇನ್ನು ನಿಪ್ಪಾಣಿಯದು ಮಾತ್ರ ನಮ್ಮನ್ನು ಕೆಡವಿಯೇ ಬಿಡುತ್ತಿತ್ತು. ಒಬ್ಬ ತಂಬಾಕು ವ್ಯಾಪಾರಿಯ ಕಾರು, ಇಲ್ಲಿಯದೇ ನಂಬರು, ತೆರಿಗೆ ಪೂರ್ತಿ ತುಂಬಿದ್ದು. ನೋಡಲು ಸಣ್ಣದು ಅನ್ನಿಸಿತು ನನಗೆ. ಆದರೆ ಕಾಕಾ ಕಬ್ಬು ಇಟ್ಟು ತೋರಿಸಿದ, ಸರಿಯಾಗಿ ಮಲಗಿತು. ಅಪ್ಪನ ಕೈ ಆಗಲೇ ಬನಿಯನ್ನಿನ ಕಿಸೆಗೆ ಹೋಗಿತ್ತು. ನಾನು ಕಬ್ಬು ಕೈಗೆತ್ತಿಕೊಂಡೆ. ಕೆಂಪು ದಾರ ಇರಲಿಲ್ಲ. ತುದಿ ಹಸಿಹಸಿಯಾಗಿತ್ತು, ಅದರ ಮೇಲೆ ಹಲ್ಲಿನ ಗುರುತು.

"ಕಾಕಾ, ದಾರ ಎಲ್ಲಿ?"

ಕಾಕಾ ಆಚೀಚೆ ನೋಡಿದ. "ಬಸ್ ಸ್ಟ್ಯಾಂಡಿನ್ಯಾಗ ಬಾಯಿ ಒಣಗಿತ್ತಬೇ. ತುದಿ ಅಷ್ಟ..."

"ನಮ್ಮವ್ವನ ಕಾಲು ತಿಂದ ಕುಂತಿ ಅಲ್ಲೊ!"

ವ್ಯಾಪಾರಿಯ ಮನೆಮಂದಿಯೆಲ್ಲ ಹೊರಗೆ ಬಂದರು. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಪಂಚಮಿ ಹತ್ತಿರವಾಗುತ್ತಿತ್ತು. ಕಬ್ಬಿನ ನಾಡಿನವರ ಕೈಗೆ ಕಬ್ಬಿನ ಅಳತೆಗೋಲು ಕೊಟ್ಟವರದೇ ತಪ್ಪು ಎಂದು ಅಪ್ಪ ಗೊಣಗಿದ. ಮರುದಿನ ನಾನು ಅವ್ವನ ಅಳತೆಗೆ ಬೋರಿನ ಕಬ್ಬಿಣದ ಪೈಪನ್ನೇ ಕೊಯ್ಯಿಸಿದೆ. ಇದನ್ನು ತಿನ್ನು ನೋಡೋಣ ಎಂದು ಕಾಕಾನ ಹೆಗಲಿಗೇ ಅದನ್ನು ಹೊರಿಸಿದೆ.

ಆ ಪೈಪು ಹೊತ್ತು ಅಥಣಿಗೆ ಹೋದೆವು. ದ್ರಾಕ್ಷಿ ವ್ಯಾಪಾರ ಮಾಡುತ್ತಿದ್ದ ಒಬ್ಬ ಸಾಹೇಬರು ತೀರಿಕೊಂಡಿದ್ದರು. ಮಕ್ಕಳು ಸಣ್ಣ ಹೊಸ ಕಾರು ತಂದುಕೊಂಡಿದ್ದರು, ತಂದೆಯ ಬಿಳಿ ಅಂಬಾಸಿಡರ್ ತಗಡಿನ ಪತ್ರಾಸಿನ ಕೆಳಗೆ ಹೊದಿಕೆ ಹೊದ್ದು ನಿಂತಿತ್ತು. ಹೊದಿಕೆ ತೆಗೆದಾಗ ನಾನು ಮೊದಲು ಇಣುಕಿದ್ದು ಹಿಂದಕ್ಕೆ. ಹಿಂದಿನ ಸೀಟು ನಮ್ಮ ಪಡಸಾಲೆಯ ಮಂಚದಷ್ಟಿತ್ತು. ಸಾಹೇಬರ ಹೆಂಡತಿ ಬಾಗಿಲಲ್ಲಿ ನಿಂತು ಕಾಕಾನ ಹೆಗಲು ನೋಡುತ್ತಿದ್ದರು.

"ಕಾರು ನೋಡಾಕ ಬಂದವರು ಪೈಪ್ ಯಾಕ ತಂದೀರಿ?"

ನಾನು ಇದ್ದದ್ದನ್ನೆಲ್ಲ ಹೇಳಿದೆ, ಕಬ್ಬು ತಿಂದದ್ದನ್ನೂ ಬಿಡಲಿಲ್ಲ. ಅವರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಪೈಪ್ ಬ್ಯಾಡ ಬೇಟಿ. ಗಾಡಿ ನಿಮ್ಮ ಮನೀಗೆ ಕಳಸ್ತೀನಿ. ನಿಮ್ಮವ್ವ ಕುಂತು ಹೂಂ ಅಂದರ ಇಟ್ಕೋರಿ, ಇಲ್ಲಂದ್ರ ಹೊಳ್ಳಿ ಕಳಸ್ರಿ. ನಾನೂ ತವರು ಬಿಟ್ಟು ಬಂದಾಕಿನ" ಎಂದರು.

ಅಪ್ಪ ಮಾತ್ರ ತನ್ನ ಪಟ್ಟು ಬಿಡಲಿಲ್ಲ. "ತೆರಗಿ?"

"ಬೆಳಗಾವಿ ನಂಬರ ಐತ್ರಿ. ಗಾಡಿ ಇರೂತನಕದ್ದು ಅವರು ಇದ್ದಾಗನ ತುಂಬ್ಯಾರ. ಹೆಸರು ಬದಲಿ ಮಾಡಸ್ರಿ, ಮುಗೀತು."

"ಮತ್ತ ಕೇಳೂದಿಲ್ಲ?"

"ಯಾರೂ ಕೇಳೂದಿಲ್ರಿ."

ಅಪ್ಪ ಟೋಪಿ ತೆಗೆದ. ಈ ಸಲ ಬಡಿಯಲಿಲ್ಲ, ಅದನ್ನು ಮೊಣಕಾಲ ಮೇಲೆ ಮೆಲ್ಲಗಿಟ್ಟು, ಚಹಾ ತರಲು ಹೇಳಿದರೆ ಕುಡಿಯುತ್ತೇನೆ ಎಂದ.

ಗಾಡಿ ಬಂತು. ಆದರೆ ಡಾಂಬರು ರಸ್ತೆಯಲ್ಲೇ ನಿಂತಿತು. ಮಳೆ ಶುರುವಾಗಿತ್ತು, ನಮ್ಮ ಎರೆಮಣ್ಣಿನಲ್ಲಿ ಇಳಿದರೆ ಅದನ್ನು ಎತ್ತಲು ಎತ್ತುಗಳೇ ಬೇಕು. ಅವ್ವ ಕೋಲೂರಿ ಅಂಗಳದ ತುದಿಯವರೆಗೆ ಬಂದು ದೂರದ ಆ ಬಿಳಿ ಗಾಡಿಯನ್ನು ನೋಡಿದಳು, ಹಾಗೇ ತಿರುಗಿ ಒಳಗೆ ಹೋದಳು. ಅಪ್ಪನೂ ಅದನ್ನು ನೋಡಿದ. ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಟ್ರ್ಯಾಕ್ಟರಿನ ಸದ್ದು. ಅಪ್ಪ ಗುಡ್ಡದಿಂದ ಕೆಂಪು ಗರಸು ಮಣ್ಣು ತುಂಬಿ ತರುತ್ತಿದ್ದ. ಟ್ರ್ಯಾಲಿ ಮೇಲೆ ಟ್ರ್ಯಾಲಿ ಸುರಿದ, ಸಲಿಕೆಯಿಂದ ತಾನೇ ಹರಡಿದ, ಊಟಕ್ಕೆ ಕರೆದರೆ ಬರಲಿಲ್ಲ. ಮನೆಯಿಂದ ಡಾಂಬರಿನವರೆಗೆ ಕೆಂಪು ದಾರಿಯೊಂದು ಎದ್ದು ನಿಂತಿತು.

ಕಾಕಾ ಬೇವಿನ ಕೆಳಗೆ ನಿಂತು ಹೇಳಿದ: "ಅಣ್ಣಾ, ಕಡೀಗೂ ರಸ್ತಾದ ತೆರಗಿ ಕಟ್ಟಿದಿ ಬಿಡು."

ಅಪ್ಪ ಟೋಪಿ ತೆಗೆದು, ಮೊಣಕಾಲಿಗೆ ಬಡಿದು, ಮತ್ತೆ ಸಲಿಕೆ ಹಿಡಿದ.

ಅಂಬಾಸಿಡರ್ ಅಂಗಳಕ್ಕೆ ಬಂದು ನಿಂತಿತು. ಅವ್ವ ಮೊದಲು ಕೂತಳು, ಹಿಂದಕ್ಕೆ ಸರಿದಳು, ಬಾಗಿಲಿಗೆ ಒರಗಿ ಕಾಲು ಚಾಚಿದಳು. ಹಿಮ್ಮಡಿ ಆಚೆ ಬಾಗಿಲಿಗೆ ತಾಗಲಿಲ್ಲ. ಕಾಲನ್ನೊಮ್ಮೆ ಅಲುಗಾಡಿಸಿ ನೋಡಿ, "ಇನ್ನೂ ಒಬ್ಬಾಕಿನ್ನ ಕುಂಡರಸಬಹುದು" ಎಂದಳು. ನಮ್ಮ ಮನೆಯಲ್ಲಿ ಅದೇ ಹೂಂ.

ಪಂಚಮಿಗೆ ಮಾಮಾ ಕರೆಯಲು ಬಂದ. ಯಾವಾಗಿನಂತೆ ಒಬ್ಬನೇ ಹೋಗುವ ತಯಾರಿಯಲ್ಲೇ ಬಂದಿದ್ದ. ಅವನನ್ನು ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂಡಿಸಿದೆ. ಸ್ಟೇರಿಂಗ್ ಹಿಡಿದವಳು ನಾನು. ಬೇಲಿಯಾಚೆ ನಿಂತು ನಗುತ್ತಿದ್ದವರು ಆ ದಿನವೂ ನಿಂತಿದ್ದರು. ನಾನು ಹಾರ್ನು ಹೊಡೆದೆ, ಒಮ್ಮೆ ಸಾಕಿತ್ತು, ಮನಸ್ಸು ತೃಪ್ತಿಯಾಗುವಷ್ಟು ಹೊಡೆದೆ. ಸತ್ತಿಯ ದಾರಿಯಲ್ಲಿ ಕೃಷ್ಣೆಯ ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಸೇತುವೆಯ ಮೇಲೆ ಅವ್ವ ಗಾಜು ಇಳಿಸಲು ಹೇಳಿ, ಕೈ ಹೊರಗೆ ಚಾಚಿ ಹೊಳೆಗೆ ಅರಿಶಿನ ಕುಂಕುಮ ಹಾಕಿದಳು.

ಸತ್ತಿಯ ಮನೆಯ ಮುಂದೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು. ಅವ್ವ ಗಾಡಿಯಿಂದ ಇಳಿದು, ಕೋಲೂರಿ, ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ ಅಜ್ಜಿಯ ಮುಂದೆ ನಿಂತಳು. ಅಜ್ಜಿ ಅವಳ ಹೆಸರು ಹಿಡಿದು ಕೂಗಿದಳು, ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ ಆ ಸೆಟೆದ ಕಾಲನ್ನು ಮೇಲಿಂದ ಕೆಳಗೆ ಸವರಿದಳು. "ಹತ್ತ್ ಜೋಕಾಲಿ" ಎಂದಳು.

"ಕಾಲ ಮಡಚಂಗಿಲ್ಲಬೇ ಯವ್ವಾ."

"ಜೋಕಾಲ್ಯಾಗ ಯಾರು ಕಾಲ ಮಡಚ್ತಾರ?"

ಮಾಮಾ ಹಗ್ಗ ಹಿಡಿದ, ಅಪ್ಪ ಅವ್ವನ ರಟ್ಟೆ ಹಿಡಿದ, ಅವ್ವ ಹಲಗೆಯ ಮೇಲೆ ಕೂತು ಎರಡೂ ಕಾಲು ಮುಂದೆ ಚಾಚಿದಳು. ಯಾವುದು ಮುರಿದದ್ದು, ಯಾವುದು ಸರಿಯಿದ್ದದ್ದು ಎಂದು ಅಲ್ಲಿ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ನಾವು ಅಜ್ಜಿಯನ್ನು ಹೊಸ್ತಿಲಿನಿಂದ ಎಬ್ಬಿಸಿ ತಂದು ಅವ್ವನ ಹಿಂದೆ ನಿಲ್ಲಿಸಿದೆವು. ಅಜ್ಜಿ ಮಗಳ ಬೆನ್ನಿಗೆ ಅಂಗೈ ಇಟ್ಟು ಮೊದಲ ಜೀಕು ಕೊಟ್ಟಳು.