ನೆಗೆಣ್ಣಿಯ ಆರು ಬಾಯಿಯ ಚಾರ್ಜರ್

ನಮ್ಮ ಕಟ್ಟೆ ಖಾಲಿಯಾದದ್ದು ಒಂದು ಚಾರ್ಜರಿನಿಂದ. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಮೊಮ್ಮಗಳು ಟೈಪ್ ಮಾಡಲು ಈಚೆಗಷ್ಟೇ ಕಲಿಸಿದಳು. ಕಲಿತ ಮೇಲೆ ಮೊದಲು ಬರೆಯಬೇಕೆನಿಸಿದ್ದು ನನ್ನ ಹೊಟ್ಟೆಕಿಚ್ಚನ್ನೇ.

ಗಂಡನ ತಮ್ಮನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಗೋಡೆಯ ಆಚೆ ಇರುತ್ತಾಳೆ. ಮನೆ ಪಾಲಾದಾಗ ದೊಡ್ಡ ನಡುಮನೆ ಅವಳಿಗೆ ಹೋಯಿತು, ಬೀದಿಯ ಕಟ್ಟೆ ನನಗೆ ಬಂತು. ಲಾಭ ನನ್ನದೇ ಎಂದು ಇಷ್ಟು ವರ್ಷ ಬೀಗುತ್ತಿದ್ದೆ. ಬಿಸಿಲು ಇಳಿಯುತ್ತಲೇ ಓಣಿಯ ಹೆಂಗಸರು ಜೋಳದ ಮೊರ, ಬಿಡಿಸುವ ಶೇಂಗಾ, ಬತ್ತಿಯ ಅರಳೆ ಹಿಡಿದು ಬಂದು ಕೂಡುತ್ತಿದ್ದರು. ಕಂಬಕ್ಕೆ ಬೆನ್ನು ಕೊಟ್ಟು ಕೂಡುವ ಜಾಗ ನನ್ನದು. ಯಾರ ಎಮ್ಮೆ ಈಯಿತು, ಯಾರ ಮನೆಗೆ ಹೆಣ್ಣು ನೋಡಲು ಬಂದರು, ಎಲ್ಲವೂ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಊರಿಗೆ.

ಈ ವರ್ಷ ಊರಿನ ಕರೆಂಟಿನ ಲೈನು ಬದಲಿಸುವ ಕೆಲಸ ಶುರುವಾಯಿತು. ಮಧ್ಯಾಹ್ನ ಹೋದ ಕರೆಂಟು ದೀಪ ಹಚ್ಚುವ ಹೊತ್ತಿಗೂ ಬರುತ್ತಿರಲಿಲ್ಲ. ನೆಗೆಣ್ಣಿಯ ಮನೆಯಲ್ಲಿ ಇನ್ವರ್ಟರ್ ಇದೆ. ಸಾಲದ್ದಕ್ಕೆ ಅವಳ ಅಳಿಯ ಹುಬ್ಬಳ್ಳಿಯಿಂದ ಒಂದು ಚಾರ್ಜರ್ ತಂದುಕೊಟ್ಟ. ಸಾಬೂನಿನ ಗಾತ್ರ, ಆರು ಬಾಯಿ. ಒಂದೇ ಸಲಕ್ಕೆ ಆರು ವಯರು ಚುಚ್ಚಬಹುದು.

"ಯಾರ್ ಬೇಕಾದ್ರೂ ಬರ್ರಿ, ಪುಕ್ಕಟ ಚಾರ್ಜ್ ಮಾಡ್ಕೊಂಡ ಹೋಗ್ರಿ," ಎಂದು ಅವಳು ಓಣಿಗೆಲ್ಲ ಕೇಳುವಂತೆ ಅಂದಳು.

ಹೋದರು. ಫೋನ್ ಇಟ್ಟು ಬಂದರೆ ಬೇರೆಯವರು ಕಿತ್ತು ತಮ್ಮದು ಹಚ್ಚಿಬಿಡುತ್ತಾರೆ ಎಂಬ ಭಯ. ಒಲೆಯ ಮೇಲೆ ಹಾಲಿಟ್ಟವರ ಹಾಗೆ ಅಲ್ಲೇ ಕಾಯುತ್ತ ಕೂತರು. ಕೂತ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಮೊರವೂ ಶೇಂಗಾವೂ ಅಲ್ಲಿಗೇ ಹೋದವು. ಗೋಡೆಯಾಚೆಯ ನಗು ಕೇಳುತ್ತಿತ್ತು, ಯಾತಕ್ಕೆ ನಕ್ಕರು ಎಂಬುದು ಮಾತ್ರ ಕೇಳುತ್ತಿರಲಿಲ್ಲ. ಓಣಿಯ ಕೊನೆಯ ಮನೆಯ ಹುಡುಗಿಗೆ ಮದುವೆ ಗೊತ್ತಾದ ಸುದ್ದಿ ನನಗೆ ನಮ್ಮ ಸೊಸೆಯಿಂದ ತಿಳಿಯಿತು. ಸೊಸೆಯಿಂದ!

ಒಂದು ದಿನ ಚುರುಮುರಿಯ ಗಿರಮಿಟ್ಟು ಕಲಸಿ, ವಾಸನೆ ಗೋಡೆ ದಾಟಲೆಂದೇ ಹಿತ್ತಲ ಒಲೆಯ ಮೇಲೆ ಮಿರ್ಚಿ ಭಜಿ ಕರಿದೆ. ಎದುರು ಮನೆಯವಳು ಬಂದಳು, ನಿಂತೇ ಎರಡು ತಿಂದಳು.

"ಕುಂಡ್ರಬೇ," ಅಂದೆ.

"ಇಲ್ರಿ ಆಯಿ, ಫೋನ್ ಅಲ್ಲಿ ಹಚ್ಚಿ ಬಂದೇನಿ. ಇನ್ನೂ ನಲವತ್ತಕ್ಕ ಐತಿ." ಮೂರನೆಯದನ್ನು ಕೈಯಲ್ಲಿ ಹಿಡಿದೇ ಓಡಿದಳು.

ನಾನೂ ಹೋಗಬಹುದಿತ್ತು. ಆದರೆ ಹಿರಿಯಳಾಗಿ ಕೆಲಸವಿಲ್ಲದೆ ಹೇಗೆ ಹೋಗುವುದು? ನೆವ ಬೇಕು. ನನ್ನ ಫೋನನ್ನೋ ಸೊಸೆ ಬೆಳಿಗ್ಗೆ ಕರೆಂಟ್ ಇದ್ದಾಗಲೇ ಪೂರ್ತಿ ತುಂಬಿಸಿಡುತ್ತಾಳೆ. ಅದನ್ನು ಖಾಲಿ ಮಾಡಲೆಂದು ಊಟವಾದ ಮೇಲೆ ಅದರ ಟಾರ್ಚು ಹಚ್ಚಿ, ಭಜನೆಯ ವಿಡಿಯೊವನ್ನು ಸದ್ದಿಲ್ಲದೆ ಓಡಲು ಬಿಟ್ಟು, ಕೌದಿಯ ಕೆಳಗೆ ಅಡಗಿಸಿಟ್ಟೆ. ಕೌದಿಯ ತೂತುಗಳಿಂದೆಲ್ಲ ಬೆಳಕು ಹೊರಬಂತು.

"ಅತ್ತೀ, ಹಾಡಹಗಲಿ ಕೌದಿಯೊಳಗ ಯಾಕ ಬ್ಯಾಟ್ರಿ ಹಚ್ಚೀರಿ?" ಅಂದಳು ಸೊಸೆ.

"ತಗಣಿ ಹುಡುಕಾಕತ್ತೇನಿ. ನೀ ಹೋಗ ನಿನ್ನ ಕೆಲಸಕ್ಕ."

ಸಂಜೆ ಫೋನು ಇನ್ನೇನು ಆರುತ್ತದೆ ಎಂದಾಗ, ಮುಖ ಸಣ್ಣದು ಮಾಡಿಕೊಂಡು ನೆಗೆಣ್ಣಿಯ ಮನೆಗೆ ಹೋದೆ. ನಡುಮನೆಯ ಗೋಡೆಯ ಮಾಡದಲ್ಲಿ ಐದು ಫೋನುಗಳು ಸಾಲಾಗಿ ಮಲಗಿದ್ದವು. ಒಂದು ಬಾಯಿ ಖಾಲಿ. ನನಗೆಂದೇ ಬಿಟ್ಟಿದ್ದಾಳೆ ಅನಿಸಿ ಅರ್ಧ ಸಿಟ್ಟು ಇಳಿಯಿತು. ವಯರು ಚುಚ್ಚಿ ಕೂತೆ. ಅಷ್ಟು ದಿನ ಒಳಗೆ ಉಳಿದ ಮಾತೆಲ್ಲ ಹೊರಗೆ ಬಂತು. ನಮ್ಮ ಬೀಗರು ಮೊರಬ ಊರಿನ ಬಸ್ಸೆಂದು ಮದುವೆಯ ಬಸ್ಸು ಹತ್ತಿ, ಗುರುತಿಲ್ಲದವರ ಮನೆಯಲ್ಲಿ ಉಂಡು, ಆಹೇರಿಯ ಉಡುಗೊರೆಯನ್ನೂ ಪಡೆದು ಬಂದ ಕಥೆಗೆ ಹೆಂಗಸರು ಹೊಟ್ಟೆ ಹಿಡಿದುಕೊಂಡರು.

ಮನೆಗೆ ಬಂದು ನೋಡಿದರೆ ಫೋನು ಸತ್ತಿತ್ತು. ಒಂದು ಹನಿಯೂ ಚಾರ್ಜ್ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯ ಮೇಲಿಂದ ತಲೆ ಹಾಕಿದೆ. "ಹಿರ್ಯಾಕಿಗೆ ಕೆಟ್ಟ ಬಾಯಿ ಕೊಟ್ಟಿ ಏನಬೇ?"

ನೆಗೆಣ್ಣಿ ಕಸಬರಿಗೆ ಹಿಡಿದು ನಿಂತಿದ್ದಳು. "ಯಕ್ಕಾ, ಹೇಳಾಕಂತ ಎಷ್ಟ ಸಲ ನಿನ್ನ ಮಾರಿ ನೋಡಿದೆ. ನೀ ಮಾತ ನಿಲ್ಲಿಸಿದ್ರ ತಾನ? ಅದು ತಂದ ದಿನದಿಂದ ಹಂಗ ಐತಿ. ಓಣಿಗೆಲ್ಲಾ ಗೊತ್ತೈತಿ."

"ನನಗ ಗೊತ್ತಿರಲಿಲ್ಲಲಾ!"

ಫೋನ್ ಸತ್ತದ್ದಕ್ಕಿಂತ ಅದೇ ಹೆಚ್ಚು ಉರಿಯಿತು. ಓಣಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿಲ್ಲದ ಸುದ್ದಿ ಎಂಬುದು ಈ ಊರಿನಲ್ಲಿ ಹಿಂದೆಂದೂ ಇರಲಿಲ್ಲ.

ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿದಳು. "ನನಗರ ಏನ ಸುಖ ಐತಿ? ನಿನ್ನ ಮೈದುನಗ ಮಧ್ಯಾಹ್ನ ಅಡ್ಡಾಗಾಕ ಜಾಗಾ ಇಲ್ಲ. ನಡುಮನಿ ತುಂಬ ಶೇಂಗಾದ ಸಿಪ್ಪಿ. ದಿನಾ ನಾನ ಬಳೀಬೇಕು."

"ಹಂಗಾದ್ರ ಉದ್ದನ್ನ ವಯರ್ ತಗೊಂಡ ಗ್ವಾಡಿ ದಾಟಿಸು. ಕರೆಂಟ್ ನಿಂದು, ಕಟ್ಟಿ ನಂದು. ಸಿಪ್ಪಿ ನಾ ಬಳೀತೇನಿ."

ಅವಳು ಇಷ್ಟು ಬೇಗ ಒಪ್ಪುತ್ತಾಳೆ ಎಂದುಕೊಂಡಿರಲಿಲ್ಲ. ಅಂದೇ ಸಂಜೆ ವಯರು ಗೋಡೆ ದಾಟಿತು, ಚಾರ್ಜರು ನನ್ನ ಕಂಬದ ಮೊಳೆಗೆ ಜೋತುಬಿತ್ತು. ಹೆಂಗಸರು ಮೊರದ ಸಮೇತ ಬಂದರು. ಕಟ್ಟೆ ತುಂಬಿತು. ಚಹಾಕ್ಕೆ ನೀರಿಟ್ಟು ಹೊರಗೆ ಬಂದು ನೋಡುತ್ತೇನೆ, ಕಂಬಕ್ಕೆ ಬೆನ್ನು ಕೊಟ್ಟು ನೆಗೆಣ್ಣಿ ಕೂತಿದ್ದಾಳೆ!

"ವಯರ್ ಯಾರರ ಜಗ್ಗಿದ್ರ ಇನ್ವರ್ಟರ್ ಹಾಳಾಕ್ಕೈತಿ ಯಕ್ಕಾ. ಕಾಯಾಕ ಒಬ್ರು ಬೇಕಲ್ಲ?"

ಅಂದಿನಿಂದ ದಿನವೂ ಅಲ್ಲೇ. ನಾನು ಮೆಟ್ಟಿಲ ಮೇಲೆ ಕೂಡುತ್ತೇನೆ. ಸುದ್ದಿಗಳು ಈಗ ಕಂಬದ ಬಳಿ ಹೋಗಿ, ಆಮೇಲೆ ಮೆಟ್ಟಿಲಿಗೆ ಇಳಿಯುತ್ತವೆ. ಲೈನಿನ ಕೆಲಸ ಬೇಗ ಮುಗಿದರೆ ಅವಳು ಎದ್ದು ಹೋಗುತ್ತಾಳೆ ನಿಜ, ಜೊತೆಗೆ ಈ ಹೆಂಗಸರೂ ಬರದೇ ಹೋದರೆ? ಹಾಗಾಗಿ ದೇವರ ಮುಂದೆ ಏನನ್ನೂ ಬೇಡಿಕೊಂಡಿಲ್ಲ.

"ಯಕ್ಕಾ, ಚಹಾ ಆತೇನ?" ಎಂದು ನನ್ನ ಜಾಗದಿಂದಲೇ ಕೂಗುತ್ತಿದ್ದಾಳೆ.

ಆಯಿತು. ಅವಳ ಕಪ್ಪಿಗೆ ಮಾತ್ರ ಸಕ್ಕರೆ ಹಾಕಿಲ್ಲ.