ಸೂಕ್ಷ್ಮದರ್ಶಕದಲ್ಲಿ ನಮ್ಮನೆ ನೀರುಳ್ಳಿ

ಕುಮಟಾದ ರಸ್ತೆ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ನೀರುಳ್ಳಿ ಕಂಡರೆ ನನಗೆ ಹೈಸ್ಕೂಲು ನೆನಪಾಗುತ್ತದೆ.

ಜೀವಕೋಶ ಒಂದು ಎರಡಾಗುವುದನ್ನು ತೋರಿಸಲು ಮಾಸ್ತರರು ನನ್ನಿಂದಲೇ ನೀರುಳ್ಳಿ ತರಿಸಿದ್ದರು. ಅದನ್ನು ನೀರಿನ ಲೋಟದ ಬಾಯಿಗೆ ಕೂರಿಸಿದಾಗ ಬಿಳಿ ಬೇರುಗಳು ಇಳಿದವು. ಆದರೆ ಇದ್ದ ಒಂದೇ ಸೂಕ್ಷ್ಮದರ್ಶಕದಲ್ಲಿ ಹುಡುಗರು ನೋಡಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. “ಹುಡುಗಿಯರು ಪುಸ್ತಕದ ಚಿತ್ರ ನೋಡಿಕೊಳ್ಳಿ” ಎಂದರು ಮಾಸ್ತರರು.

ಮನೆಗೆ ಬಂದು ಅವ್ವನ ಮುಂದೆ ಅತ್ತುಬಿಟ್ಟೆ. ಮರುದಿನ ಪೇಟೆಗೆ ಹೊರಟ ಅವ್ವ ನೀರುಳ್ಳಿ ಬುಟ್ಟಿ ಹೊತ್ತುಕೊಂಡೇ ಶಾಲೆಗೆ ಬಂದಳು.

“ಮಾಸ್ತರ್ರೇ, ನೀರುಳ್ಳಿ ನಮ್ದು. ನಮ್ಮ ಹುಡ್ಗಿಗೇ ತೋರ್ಸುದಿಲ್ಲ ಅಂದ್ರೆ ಎಂತ?”

ಮಾಸ್ತರರು ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿಟ್ಟರು. ನಾನು ಬಗ್ಗಿದೆ. ಒಂದು ಕೋಶದೊಳಗೆ ಕೆಂಪು ಎಳೆಗಳು ಎರಡು ಗುಂಪಾಗಿ ಆಚೀಚೆ ಸರಿದು ನಿಂತಿದ್ದವು. ಆಮೇಲೆ ಅವ್ವನೂ ನೋಡಿದಳು.

“ಒಳಗೆ ಇಷ್ಟೆಲ್ಲ ಕೆಲಸ ನಡೀತದ್ಯ? ನೀರು ಹೊಯ್ದು ನಾವೇ ಬೆಳ್ಸಿದ್ದು ಅಂದ್ಕಂಡಿದ್ದೆ.”

ಮಾಸ್ತರರು ನಕ್ಕರು. “ಹೋಗು, ಉಳಿದ ಹುಡುಗಿಯರನ್ನೂ ಕರೆ” ಎಂದರು.

ಈಗ ಮೊಮ್ಮಗಳ ಶಾಲೆಯಲ್ಲಿ ಸೂಕ್ಷ್ಮದರ್ಶಕ ಬೇಕಷ್ಟಿವೆ. ಹಾಳಾದಾವೆಂದು ಕಪಾಟಿಗೆ ಬೀಗ ಹಾಕಿದ್ದಾರೆ. ಮಕ್ಕಳಿಗೆ ಪರದೆಯ ಮೇಲಿನ ಚಿತ್ರವೇ ಸಾಕಂತೆ. ನಾಳೆ ನಾನು ಆ ಶಾಲೆಗೆ ಹೋಗುತ್ತಿದ್ದೇನೆ.