ಡೇರಿ ಹಲಗೆಯ ಮೇಲಿನ ಮಳೆ

ನಂದಗುಡಿ ಕಡೆಯ ಆ ಊರಿಗೆ ಸೊಸೆಯಾಗಿ ಬಂದ ಮೇಲೆ ಮಮತ ಹೆದರದೆ ಕಳೆದ ದಿನವೇ ಇರಲಿಲ್ಲ. ಬೆಂಗಳೂರಿನ ರಾಜಾಜಿನಗರದಲ್ಲಿ ಓದಿ ಬೆಳೆದವಳು. ಹಾವಿಗೆ, ಕಟ್ಟೆಯಿಲ್ಲದ ಬಾವಿಗೆ, ಕರೆಂಟು ಹೋದ ಸಂಜೆಗೆ ಹೆದರುತ್ತಿದ್ದಳು. ಮಗಳು ಬಿಂದುಶ್ರೀ ಹುಟ್ಟಿದ ಮೇಲೆ ಆ ಭಯಗಳೆಲ್ಲ ಮಗುವಿನ ಎದೆಯೊಳಗೆ ಹೋಗಿ ಕೂತವು. ಸ್ವಲ್ಪ ಥಂಡಿಯಾದರೂ ಕೂಸಿನ ಉಸಿರು ಗೊರಗೊರ ಎನ್ನುತ್ತಿತ್ತು. ಮಲಗಿದ ಮಗುವಿನ ಬಾಯಿಗೆ ಕಿವಿಯಿಟ್ಟು ಕೇಳುವುದು ಮಮತಳಿಗೆ ಅಭ್ಯಾಸವಾಗಿಹೋಗಿತ್ತು.

ಗಂಡ ಮುನೀಂದ್ರ ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುತ್ತಿದ್ದ. ಅವಳಿಗೆ ಊರಿನ ಹಾಲಿನ ಡೇರಿಯಲ್ಲೇ ಒಂದು ಕೆಲಸ ಸಿಕ್ಕಿತ್ತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು; ಊರಿಗೆಲ್ಲ ಫೋನಿದ್ದದ್ದು ಡೇರಿಯಲ್ಲಿ ಮಾತ್ರ. ಬೆಂಗಳೂರಿನ ಸಂಶೋಧನಾ ಕೇಂದ್ರವೊಂದು ಉಪಗ್ರಹ ತೆಗೆದ ಮೋಡದ ಚಿತ್ರಗಳನ್ನು ನೋಡಿ, ಹೋಬಳಿ ಹೋಬಳಿಗೂ ಬೇರೆ ಬೇರೆ ಹವಾಮಾನ ಹೇಳಲಾದೀತೇ ಎಂದು ಪರೀಕ್ಷೆ ಮಾಡುತ್ತಿತ್ತು. ಅಲ್ಲಿಂದ ವಾಣಿ ಎಂಬಾಕೆ ಫೋನ್ ಮಾಡಿ ಮುನ್ಸೂಚನೆ ಹೇಳುತ್ತಿದ್ದರು. ಮಮತ ಅದನ್ನು ಹಾಲು ಹಾಕಲು ಬರುವವರಿಗೆ ಕಾಣುವಂತೆ ಕಪ್ಪು ಹಲಗೆಯ ಮೇಲೆ ಬರೆಯಬೇಕು. ಡೇರಿಯ ಹಿತ್ತಲಲ್ಲಿ ನೆಟ್ಟ ಮಳೆಮಾಪಕ ನೋಡಿ ಬಿದ್ದ ಮಳೆಯ ಲೆಕ್ಕ ತಿರುಗಿ ಹೇಳಬೇಕು.

“ಆಕಾಶದಾಗಿಂದ ನೋಡಿದ್ರೆ ನಮ್ಮೂರು ಕಾಣ್ತದಾ ಬೆಂಗಳೂರಮ್ಮ?” ಎಂದು ಪಕ್ಕದ ಹೊಲದ ಚಿಕ್ಕವೆಂಕಟಪ್ಪ ಹಾಲಿನ ಕ್ಯಾನು ಇಳಿಸುವಾಗಲೆಲ್ಲ ಕೇಳುತ್ತಿದ್ದ. “ಕಂಡ್ರೆ ನಮ್ಮ ಕಳೆದೋದ ಟಗರು ಎಲ್ಲೈತೆ ಅಂತ ಒಸಿ ಕೇಳು.”

ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಕುಯ್ಲಿನ ಕಾಲದಲ್ಲಿ ಊರಲ್ಲಿ ಮುಯ್ಯಾಳು ನಡೆಯುತ್ತದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಸರದಿ ಮೊದಲೇ ಗೊತ್ತಾಗಿರುತ್ತದೆ. ಸರದಿ ಬಿಟ್ಟ ಮನೆ ಎಲ್ಲರದ್ದೂ ಮುಗಿಯುವ ತನಕ ಕಾಯಬೇಕು. ಅಷ್ಟರಲ್ಲಿ ತೆನೆ ಒಣಗಿ ಮಣ್ಣಿಗೆ ಉದುರುತ್ತದೆ. ಮರುದಿನದ ಸರದಿ ಮಮತಳ ಅತ್ತೆ ಮುನಿವೆಂಕಟಮ್ಮನದು.

ಅದೇ ಸಂಜೆ ವಾಣಿ ಫೋನ್ ಮಾಡಿದರು.

“ಮಮತಾ ಅವ್ರೇ, ಬಂಗಾಳ ಕೊಲ್ಲಿ ಮೇಲೆ ಮೋಡ ಸುರುಳಿ ಸುತ್ತುತ್ತಾ ಇದೆ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತೆ. ನಾಳಿದ್ದು ನಿಮ್ಮ ಕಡೆ ಜೋರು ಮಳೆ ಆಗಬಹುದು.”

“ಆಗಬಹುದೋ, ಆಗುತ್ತೋ ಮೇಡಂ?”

“ಆ ಮೋಡ ಆಂಧ್ರದ ಕಡೆಗೂ ತಿರುಗಬಹುದು. ಇದು ಇನ್ನೂ ಪರೀಕ್ಷೆ ತಾನೇ? ನಾವು ಹೇಳೋದಷ್ಟೇ, ತೀರ್ಮಾನ ರೈತರದು.”

ಮಮತ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಳು. ಕುಯ್ದ ರಾಗಿ ಎರಡು ಮೂರು ದಿನ ಅರಿ ಅರಿಯಾಗಿ, ಕಟ್ಟದ ಹಿಡಿಗಳ ಸಾಲಾಗಿ ಹೊಲದಲ್ಲೇ ಬಿದ್ದು ಒಣಗಬೇಕು. ಅದರ ಮೇಲೆ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ಆದರೆ ‘ಆಗಬಹುದು’ ಎಂದು ಬರೆದರೆ ಒಬ್ಬರೂ ಕುಡುಗೋಲು ಕೆಳಗಿಡುವುದಿಲ್ಲ. ಹಿಂದೆ ಎಷ್ಟೋ ಸಲ ಹಾಗೆ ಬರೆದು ನಗೆಪಾಟಲಾಗಿತ್ತು. ಅವಳು ಒಂದೇ ಉಸಿರಿಗೆ ಬರೆದುಬಿಟ್ಟಳು: ನಾಳಿದ್ದು ಜೋರು ಮಳೆ. ರಾಗಿ ಕುಯ್ಯಬೇಡಿ.

ಬರೆದ ಮೇಲೆ ಭಯ ಶುರುವಾಯಿತು.

ಹಾಲು ಹಾಕಲು ಬಂದವರು ಅದನ್ನು ಗಟ್ಟಿಯಾಗಿ ಓದಿದರು; ಅವರ ಜೊತೆಯಲ್ಲಿದ್ದ ಅತ್ತೆ ಹಲಗೆ ನೋಡಿದರು. ಓದು ಬಾರದು, ಸೊಸೆಯ ಮುಖ ಓದಿದರು. “ನೀನೇ ಬರ್ದಿದ್ದಾ?”

“ಹೂಂ ಅತ್ತೆ.”

“ಖಂಡಿತವಾ?”

ಮಮತ ಕೈಯಲ್ಲಿದ್ದ ಸೀಮೆಸುಣ್ಣವನ್ನೇ ನೋಡಿದಳು. ಮುನಿವೆಂಕಟಮ್ಮ ಸೆರಗು ಬಿಗಿದುಕೊಂಡು ಜನರ ಕಡೆ ತಿರುಗಿದರು. “ನಾಳೆ ನಮ್ಮ ಹೊಲಕ್ಕೆ ಬರ್ಬ್ಯಾಡ್ರಪ್ಪ. ನಮ್ಮ ಹುಡುಗಿ ಬ್ಯಾಡ ಅಂತವಳೆ.”

“ಹಂಗಾದ್ರೆ ಆ ಸರದಿ ನಮಗಿರ್ಲಿ,” ಎಂದ ಚಿಕ್ಕವೆಂಕಟಪ್ಪ. “ನಂದು ಉದುರಕ್ಕೆ ಬಂದೈತೆ. ಮೋಡಕ್ಕೆ ನಾನ್ ಹೇಳ್ಕೊತೀನಿ.”

ಮಾರನೆಯ ಬೆಳಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಜನ ಚಿಕ್ಕವೆಂಕಟಪ್ಪನ ಹೊಲಕ್ಕೆ ಇಳಿದರು. ಮುನಿವೆಂಕಟಮ್ಮನೂ ಹೋದರು, ಮುಯ್ಯಿ ತಪ್ಪಿಸುವಂತಿಲ್ಲ. ಮಮತ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಡೇರಿಯ ಬಾಗಿಲಲ್ಲಿ ಕೂತಳು. ಮಳೆ ಬಾರದಿದ್ದರೆ ತನ್ನ ಮಾತಿಗೆ ಅತ್ತೆಯ ಒಂದು ವರ್ಷದ ದುಡಿಮೆ ಮಣ್ಣುಪಾಲು. ಬಂದರೆ ಚಿಕ್ಕವೆಂಕಟಪ್ಪನ ಮನೆಯ ಅನ್ನ ನೀರುಪಾಲು. ಬರಲಿ ಎನ್ನಲು ನಾಲಿಗೆ ಬಾರದು, ಬೇಡ ಎನ್ನಲೂ ಬಾರದು. ಒದ್ದೆ ಬಟ್ಟೆ ಹಿಡಿದು ಹಲಗೆಯ ಮುಂದೆ ಹೋಗಿ ನಿಂತು, ಒರೆಸದೆ ವಾಪಸ್ಸು ಬಂದಳು. ವಾಣಿಗೆ ಫೋನ್ ಮಾಡಿದರೆ ಲೈನು ಸಿಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಫೋನ್ ಅದಾಗಿಯೇ ಬಡಿದುಕೊಂಡಿತು.

“ಈಗಿನ ಚಿತ್ರ ನೋಡಿದೆ ಮಮತಾ. ಅದು ನಾವು ಅಂದುಕೊಂಡಿದ್ದಕ್ಕಿಂತ ಬೇಗ ಬರ್ತಿದೆ. ಇವತ್ತು ಕತ್ತಲಾಗೋದರೊಳಗೇ ಬರಬಹುದು.”

ಮತ್ತೆ ‘ಬಹುದು’. ಮಮತ ಹೊರಗೆ ಬಂದು ನೋಡಿದಳು. ಬಿಸಿಲು ಹಾಗೇ ಇತ್ತು. ಗಾಳಿ ಮಾತ್ರ ಮೂಡಲಿಂದ ಬೀಸುತ್ತಿತ್ತು, ಅದರಲ್ಲಿ ಒಂದು ತೇವ. ಹಾಲು ಅಳೆಯುವ ಮುನಿರತ್ನಮ್ಮನ ಕೈಗೆ ಮಗುವನ್ನು ಕೊಟ್ಟು, “ಗಾಳಿಗೆ ಹಿಡೀಬೇಡಿ, ಟೋಪಿ ತೆಗೀಬೇಡಿ,” ಎಂದು ಹೇಳಿ ಹೊಲದ ಕಡೆ ಓಡಿದಳು. ಮಗುವನ್ನು ಬಿಟ್ಟು ಅಷ್ಟು ದೂರ ಅವಳು ಹೋದದ್ದು ಅದೇ ಮೊದಲು.

ಹೊಲದ ತುಂಬ ಅರಿ ಬಿದ್ದಿತ್ತು. ಇವತ್ತೇ ಮಳೆಯಂತೆ, ಅರಿ ಎತ್ತಿಬಿಡಿ ಎಂಬ ಅವಳ ಮಾತು ಕೇಳಿ ಚಿಕ್ಕವೆಂಕಟಪ್ಪ ನಡು ನೆಟ್ಟಗೆ ಮಾಡಿದ. “ನಾಳಿದ್ದು ಅಂದಿದ್ದೆ. ಈಗ ಇವತ್ತು ಅಂತೀಯ. ಹಸೀ ರಾಗಿ ಒಟ್ಟಿ ಮೆದೆ ಹಾಕಿದ್ರೆ ಬಿಸಿಯೇರಿ ಬೂಸ್ಲು ಹಿಡೀತದೆ, ಗೊತ್ತೇನವ್ವ ನಿಂಗೆ?”

ಅದು ಅವಳಿಗೆ ಗೊತ್ತಿರಲಿಲ್ಲ. ಆಗ ಮುನಿವೆಂಕಟಮ್ಮ ಕುಡುಗೋಲನ್ನು ಬದುವಿನ ಮೇಲಿಟ್ಟರು.

“ಮೆದೆ ಯಾಕ್ ಹಾಕ್ತೀಯ? ನಮ್ಮ ರೇಷ್ಮೆ ಹುಳದ ಮನೆ ಖಾಲಿ ಐತೆ. ತಟ್ಟೆ ಮೇಲೆ ತೆಳ್ಳಗೆ ಹರಡು. ಮಳೆ ಬರ್ದಿದ್ರೆ ನಾಳೆ ನಾನೇ ಹೊತ್ಕೊಂಡು ಬಂದು ಇಲ್ಲಿ ಹಾಕ್ತೀನಿ.”

“ಸೊಸೆ ಮಾತು ಅಷ್ಟ್ ನಂಬ್ತೀಯಾ ಅಕ್ಕ?”

“ನಂಬಿಕೆ ಏನ್ ಬಂತು. ಕೂಸು ಬಿಟ್ಟು ಒಂದು ಗಳಿಗೆ ಇರೋಳಲ್ಲ, ಬಿಟ್ಟು ಓಡ್ಬಂದವಳೆ. ಸುಳ್ಳು ಹೇಳೋಕ್ ಬಂದೋಳಾ ಅವಳು?”

ಬೈಯುತ್ತಲೇ ಚಿಕ್ಕವೆಂಕಟಪ್ಪ ಮೊದಲ ಹೊರೆ ಕಟ್ಟಿದ. ಎಲ್ಲರೂ ಹೊತ್ತರು. ಮಮತಳೂ ಹೊತ್ತಳು, ರಾಗಿ ಕಡ್ಡಿ ಕುತ್ತಿಗೆಯನ್ನು ಗೀರಿತು. ಹೊಸಕೋಟೆ ರಸ್ತೆಯಲ್ಲಿ ಸಂಜೆಯ ಬಸ್ಸು ಹೋಗುವಾಗ ಮೂಡಲ ದಿಕ್ಕು ಕಪ್ಪಾಯಿತು. ಇನ್ನೂ ಕಾಲು ಭಾಗ ಹೊಲದಲ್ಲಿರುವಾಗಲೇ ಹನಿ ಬಿತ್ತು. ಆಮೇಲೆ ಮಳೆ ನಿಲ್ಲಲಿಲ್ಲ.

ಡೇರಿಯಲ್ಲಿ ಬಿಂದುಶ್ರೀ ಟೋಪಿ ಹಾಕಿಕೊಂಡೇ ನಿದ್ದೆ ಹೋಗಿತ್ತು. ಮಮತ ಒದ್ದೆ ಕೈ ಒರೆಸಿ, ಬಾಯಿಗೆ ಕಿವಿಯಿಟ್ಟು ಕೇಳಿದಳು. ಫೋನು ಬಡಿಯಿತು.

“ಮಳೆ ಬಂತಾ?” ವಾಣಿಯ ದನಿ ಸಣ್ಣಗಿತ್ತು.

“ಬಂತು ಮೇಡಂ.”

“ಸದ್ಯ. ಬೆಳಗ್ಗೆಯಿಂದ ಊಟ ಸೇರಿಲ್ಲ ನನಗೆ. ಕುಯ್ಲು ನಿಲ್ಲಿಸಿ ಮಳೆ ಬರದೆ ಹೋಗಿದ್ರೆ ಅಂತ.”

ಅಷ್ಟರಲ್ಲಿ ಹಾಲು ಹಾಕುವವರು ಗೋಣಿಚೀಲ ಹೊದ್ದು ಒಳಗೆ ಬಂದರು. ಆ ಸಂಜೆ ಯಾರೂ ಗೇಲಿ ಮಾಡಲಿಲ್ಲ. ಎಲ್ಲರ ಹಿಂದೆ ಬಂದ ಚಿಕ್ಕವೆಂಕಟಪ್ಪ ತಲೆಯ ನೀರು ಒರೆಸಿಕೊಂಡು ಹಲಗೆಯ ಮುಂದೆ ನಿಂತ.

“ಯಾವತ್ತಿಂದ ಕುಯ್ಯೋಣ ಹೇಳವ್ವ. ನೀನು ಯಾವತ್ತು ಅಂತೀಯೋ ಅವತ್ತೇ. ಮೊದಲು ನಿಮ್ಮತ್ತೆ ಹೊಲ. ಊರೋರೆಲ್ಲ ಒಪ್ಪವ್ರೆ.”

ಮಮತ ಸುತ್ತ ನೋಡಿದಳು. ಎಲ್ಲ ಮುಖಗಳೂ ಅವಳ ಕಡೆಗೇ. ನಿನ್ನೆ ಅವಳ ಮಾತಿಗೆ ತೂಗುಬಿದ್ದದ್ದು ಒಂದು ಹೊಲ; ಇನ್ನು ಮುಂದೆ ಊರಿನ ಹೊಲಗಳೆಲ್ಲ.

“ಒಂದ್ನಿಮಿಷ ಇರಿ,” ಎಂದು ಇನ್ನೂ ಕೈಯಲ್ಲೇ ಹಿಡಿದಿದ್ದ ಫೋನಿಗೆ ಬಾಯಿಟ್ಟಳು. “ಮೇಡಂ, ಇನ್ನೊಂದು ಸಲ ಆ ಚಿತ್ರ ನೋಡಿ.”